ಇಂಜಿನ್ ಬದಲಿಸುವ ಮುನ್ನ ಗೇರ್‌ಬಾಕ್ಸ್ ಗುರುತಿಸಿ

ಅಮೆರಿಕದ ಒಳನಾಡಿನ ಸಣ್ಣ ಊರುಗಳಲ್ಲಿ ರಜೆಯ ದಿನ ಬೆಳಿಗ್ಗೆ ಕಾಣಸಿಗುವ ನೋಟವಿದು. ಮನೆಗೆ ತಾಗಿದ ಶೆಡ್ಡಿನ ಬಾಗಿಲು ಮೇಲೆದ್ದಿದೆ. ಒಳಗೆ 50 ವರ್ಷ ದಾಟಿದ ಷೆವರ್ಲೆ ಪಿಕಪ್. ಅದರ ಬಾನೆಟ್ ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ಚಕ್ರವಿರುವ ಚಿಕ್ಕ ಕ್ರೇನಿನ ಸರಪಳಿಯಲ್ಲಿ ಸುಮಾರು 260 ಕಿಲೋ ತೂಕದ ಎರಕದ ಕಬ್ಬಿಣದ ಇಂಜಿನ್ ಮೆಲ್ಲಗೆ ತೂಗುತ್ತಿದೆ. ನೆಲಕ್ಕೆ ಹಾಸಿದ ರಟ್ಟಿನ ಮೇಲೆ ಒಬ್ಬರು ಅಂಗಾತ ಮಲಗಿ, ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಗೇರ್‌ಬಾಕ್ಸಿನ ತಳದ ತಟ್ಟೆಯ ಬೋಲ್ಟುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದಾರೆ.

ಆ ಎಣಿಕೆಗಾಗಿ ಸುತ್ತ ನಿಂತವರೆಲ್ಲ ಕಾದಿದ್ದಾರೆ. 13 ಎಂದರೆ ಒಂದು ಲೆಕ್ಕ, 16 ಎಂದರೆ ಇನ್ನೊಂದು. ಹೊಸದಾಗಿ ಬರುವ ಇಂಜಿನಿಗೆ ಯಾವ ಕೇಬಲ್ ಜೋಡಿಸಬೇಕು, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕೇ, ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಬೇಕೇ ಎಂಬುದೆಲ್ಲ ಆ ಸಂಖ್ಯೆಯಿಂದಲೇ ತೀರ್ಮಾನವಾಗಬೇಕು.

ಹಳೇ ಗಾಡಿಗೆ ಬೇರೆ ಇಂಜಿನ್ ಕೂರಿಸುವುದು ನಮಗೆ ತೀರ ಹೊಸ ಸಂಗತಿಯಲ್ಲ. ಕಾಫಿ ಸೀಮೆಯ ಜೀಪುಗಳನ್ನು ಕಂಡವರಿಗೆ ಅದರ ಅರ್ಧ ಪರಿಚಯ ಇದ್ದೇ ಇದೆ. ಆದರೆ ಮನೆಯಂಗಳದಲ್ಲಿ ಸಾಮಾನ್ಯ ಜನ ಮಾಡುವ ಕೆಲಸವಾಗಿ ಇದು ಹುಲುಸಾಗಿ ಬೆಳೆದದ್ದು ಅಮೆರಿಕದ ಪಿಕಪ್ಪುಗಳ ಸುತ್ತ. ಆ ವಿದ್ಯೆಯನ್ನು ನೋಡಿದಷ್ಟೂ ಒಂದು ವಿಷಯ ನನಗೆ ಗಟ್ಟಿಯಾಗುತ್ತ ಹೋಗಿದೆ. ಮಾತೆಲ್ಲ ಇಂಜಿನಿನ ಸುತ್ತ ನಡೆಯುತ್ತದೆ. ಹಣ, ಸಮಯ, ಫಲಿತಾಂಶ ಮೂರನ್ನೂ ನಿರ್ಧರಿಸುವುದು ಮಾತ್ರ ಅದರ ಹಿಂದೆ ಕೂತ ಗೇರ್‌ಬಾಕ್ಸ್. ಅದು ಯಾವುದೆಂದು ತಿಳಿಯದೆ ಇಂಜಿನಿಗೆ ದುಡ್ಡು ಕೊಡಬಾರದು.

ಬಿಚ್ಚಲು ಸುಲಭ, ಕಟ್ಟಲೂ ಸುಲಭ

ಫೋರ್ಡ್ ಕಂಪನಿಯ ಎಫ್ ಸರಣಿ ಶುರುವಾದದ್ದು 1948ರಲ್ಲಿ. ಜನರಲ್ ಮೋಟರ್ಸ್ 1960ರಲ್ಲಿ ತನ್ನ ಷೆವರ್ಲೆ ಪಿಕಪ್ಪುಗಳಿಗೆ ಸಿ ಮತ್ತು ಕೆ ಎಂಬ ಗುರುತು ಕೊಟ್ಟಿತು. ಸಿ ಎಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ, ಕೆ ಎಂದರೆ ನಾಲ್ಕಕ್ಕೂ. ಮುಂದಿನ 10, 20, 30 ಎಂಬ ಅಂಕೆಗಳು ಹೊರೆ ಹೊರುವ ದರ್ಜೆ. 1967ರಿಂದ 1972ರವರೆಗಿನ ಸಿ-10 ಮತ್ತು 1973ರಲ್ಲಿ ಬಂದ ಚೌಕ ಮೈಕಟ್ಟಿನ ಗಾಡಿಗಳು ಇಂದು ಅಲ್ಲಿ ಹೆಚ್ಚು ಬೇಡಿಕೆಯಲ್ಲಿರುವ ಹಳೇ ಪಿಕಪ್ಪುಗಳು.

ಇವುಗಳ ಕಟ್ಟಡ ಸರಳ. ಕೆಳಗೆ ಏಣಿಯಾಕಾರದ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಕ್ಯಾಬಿನ್. ಇಂಜಿನ್ ಮುಂದಿನಿಂದ ಹಿಂದಕ್ಕೆ ಉದ್ದವಾಗಿ ಕೂತಿರುತ್ತದೆ. ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಆಕ್ಸಲ್‌ವರೆಗೆ ಪ್ರೊಪೆಲ್ಲರ್ ಶಾಫ್ಟ್. ಒಂದೇ ಗಾಡಿಯನ್ನು ಆರು ಸಿಲಿಂಡರಿನ ಉದ್ದನೆಯ ಇಂಜಿನ್ ಹಾಕಿಯೂ ಎಂಟು ಸಿಲಿಂಡರಿನ ಅಗಲವಾದ ವಿ-8 ಹಾಕಿಯೂ ಮಾರುತ್ತಿದ್ದುದರಿಂದ ಬಾನೆಟ್ಟಿನ ಕೆಳಗೆ ಎರಡಕ್ಕೂ ಸಾಲುವಷ್ಟು ಜಾಗ ಬಿಟ್ಟಿದ್ದರು. ಇವತ್ತಿನ ಕಾರಿನಲ್ಲಿ ಸಿಗದ ಈ ಖಾಲಿ ಜಾಗವೇ ಹಳೇ ಪಿಕಪ್ಪಿನ ಎರಡನೇ ಬದುಕಿಗೆ ಆಧಾರ.

ಅದರ ಜೊತೆಗೇ ಒಂದು ತೊಡಕೂ ಇದೆ. ಇವು ಹೊಲ, ಮರದ ಮಿಲ್ಲು, ಕಟ್ಟಡ ಕೆಲಸಗಳಲ್ಲಿ ದುಡಿದ ಗಾಡಿಗಳು. ಕೈಯಿಂದ ಕೈಗೆ ದಾಟಿವೆ. ಮೊದಲ ಗೇರ್‌ಬಾಕ್ಸ್ ಸವೆದಾಗ ಯಾರೋ ಗುಜರಿಯಲ್ಲಿ ಸಿಕ್ಕಿದ್ದನ್ನು ತಂದು ಕೂರಿಸಿರುತ್ತಾರೆ. ಅದನ್ನು ಬರೆದಿಟ್ಟವರಿಲ್ಲ. ಆದ್ದರಿಂದ ಕಾಗದ ಏನು ಹೇಳುತ್ತದೆ ಎನ್ನುವುದಕ್ಕಿಂತ ಕಬ್ಬಿಣ ಏನು ಹೇಳುತ್ತದೆ ಎಂದು ನೋಡಬೇಕಾಗುತ್ತದೆ.

1955ರ ತೂತುಗಳು

1955ರಲ್ಲಿ ಷೆವರ್ಲೆ ಒಂದು ಚಿಕ್ಕ ವಿ-8 ಇಂಜಿನ್ ಹೊರತಂದಿತು. ಎಡ್ ಕೋಲ್ ಮುಖ್ಯ ಎಂಜಿನಿಯರ್ ಆಗಿದ್ದ ಕಾಲ ಅದು. ಮೊದಲ ಇಂಜಿನಿನ ಗಾತ್ರ 265 ಘನ ಅಂಗುಲ, ಅಂದರೆ ಸುಮಾರು 4.3 ಲೀಟರ್. 1957ರಲ್ಲಿ 283, 1962ರಲ್ಲಿ 327, 1967ರಲ್ಲಿ 350 ಘನ ಅಂಗುಲದ್ದು ಬಂದವು. 5.7 ಲೀಟರಿನ ಈ 350 ಅಮೆರಿಕದಲ್ಲಿ ಅತಿ ಹೆಚ್ಚು ಗಾಡಿಗಳ ಒಳಹೊಕ್ಕ ಇಂಜಿನುಗಳಲ್ಲೊಂದು. ಸ್ಮಾಲ್ ಬ್ಲಾಕ್ ಎಂದು ಕರೆಯುವ ಈ ವಂಶದ 10 ಕೋಟಿಯ ಇಂಜಿನನ್ನು ಕಂಪನಿ 2011ರಲ್ಲಿ ತಯಾರಿಸಿತು.

ಇಂಜಿನ್ ಬದಲಿಸುವವರಿಗೆ ಮುಖ್ಯವಾದದ್ದು ಅದರ ಶಕ್ತಿಗಿಂತ ಅದರ ಹಿಂಬದಿ. ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಮುಖಕ್ಕೆ ಬೆಲ್ ಹೌಸಿಂಗ್ ಎನ್ನುತ್ತಾರೆ. ಅಲ್ಲಿನ ಬೋಲ್ಟ್ ತೂತುಗಳ ಜಾಗವನ್ನು ಷೆವರ್ಲೆ ದಶಕಗಟ್ಟಲೆ ಬದಲಿಸಲಿಲ್ಲ. ದೊಡ್ಡ ಗಾತ್ರದ ಬಿಗ್ ಬ್ಲಾಕ್ ಇಂಜಿನುಗಳಿಗೂ ಅದೇ ತೂತುಗಳನ್ನು ಕೊಟ್ಟಿತು. 1997ರಲ್ಲಿ ಪೂರ್ತಿ ಹೊಸದಾಗಿ ರೂಪಿಸಿದ ಎಲ್‌ಎಸ್ ವಂಶದಲ್ಲೂ ಬಹುಪಾಲು ತೂತುಗಳು ಹಳೆಯ ಜಾಗದಲ್ಲೇ ಉಳಿದವು. 1999ರಿಂದ ಪಿಕಪ್ಪುಗಳಿಗೆ ಬಂದ 4.8, 5.3, 6.0 ಲೀಟರಿನ ಇಂಜಿನುಗಳು ಇದೇ ಎಲ್‌ಎಸ್ ಮನೆತನದವು. ಅವು ಗುಜರಿಗಳಲ್ಲಿ ಯಥೇಚ್ಛವಾಗಿ ಸಿಗುತ್ತವೆ. ಹಾಗಾಗಿ ಒಬ್ಬ ಸಾಮಾನ್ಯ ನೌಕರ ತನ್ನ 1970ರ ಗಾಡಿಗೆ 2005ರ ಇಂಜಿನ್ ಕೂರಿಸುವ ಯೋಚನೆ ಮಾಡಬಲ್ಲ. ಯಾವ ಜಾಹೀರಾತಿನಲ್ಲೂ ಬಾರದ, ಆದರೆ ಎಷ್ಟೋ ಜನರಿಗೆ ಉಪಕಾರ ಮಾಡಿದ ತೀರ್ಮಾನ, ಆ ತೂತುಗಳನ್ನು ಬದಲಿಸದೆ ಉಳಿಸಿದ್ದು.

ಅದೇ ಕಂಪನಿಯ ಬ್ಯೂಕ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ವಿಭಾಗಗಳು ತಮ್ಮದೇ 350 ಘನ ಅಂಗುಲದ ಇಂಜಿನುಗಳನ್ನು ಮಾಡುತ್ತಿದ್ದವು. ಸಂಖ್ಯೆ ಒಂದೇ, ಇಂಜಿನ್ ಬೇರೆ, ಬೆಲ್ ಹೌಸಿಂಗ್ ತೂತುಗಳೂ ಬೇರೆ. "350 ಇದೆ, ಅಗ್ಗಕ್ಕೆ ಕೊಡ್ತೀನಿ" ಎಂದವನ ಮಾತು ನಂಬಿ ಗಾಡಿ ತುಂಬಿಸಿಕೊಂಡು ಬಂದರೆ ಷೆವರ್ಲೆ ಗೇರ್‌ಬಾಕ್ಸ್ ಅದಕ್ಕೆ ಕೂರುವುದಿಲ್ಲ. ಫೋರ್ಡ್‌ನಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಒಂದೇ ಕಂಪನಿಯ ಇಂಜಿನುಗಳಲ್ಲೇ ಹಲವು ಬಗೆಯ ತೂತುಗಳ ಜೋಡಣೆ. 351 ಡಬ್ಲ್ಯೂ ಎಂಬುದು 302ರ ಗೇರ್‌ಬಾಕ್ಸಿಗೆ ಹೊಂದುತ್ತದೆ. 351 ಎಂ ಎಂಬುದು 460 ಎಂಬ ದೊಡ್ಡ ಇಂಜಿನಿನ ಗೇರ್‌ಬಾಕ್ಸಿಗೆ ಹೊಂದುತ್ತದೆ. ಕೊನೆಯ ಒಂದಕ್ಷರ ನೋಡದವರು ಎರಡು ಸಲ ಸಾಗಣೆ ಖರ್ಚು ಕೊಡಬೇಕಾಗುತ್ತದೆ.

ಬ್ಲಾಕಿನ ಮೈಮೇಲಿನ ಬರಹ

ಇಂಜಿನ್ ಯಾವುದೆಂದು ತಿಳಿಯಲು ಮೊದಲು ಬೇಕಾದ್ದು ತಂತಿಯ ಬ್ರಷ್ಷು ಮತ್ತು ಸೀಮೆಎಣ್ಣೆ. ಷೆವರ್ಲೆ ಸ್ಮಾಲ್ ಬ್ಲಾಕಿನಲ್ಲಿ ಎರಕ ಹೊಯ್ಯುವಾಗಲೇ ಮೂಡಿದ ದಪ್ಪ ಅಂಕೆಗಳು ಹಿಂಭಾಗದಲ್ಲಿ, ಚಾಲಕನ ಬದಿಯಲ್ಲಿ, ಬೆಲ್ ಹೌಸಿಂಗ್ ಸೇರುವ ಅಂಚಿನ ಮೇಲಿರುತ್ತವೆ. ಅದು ಬ್ಲಾಕಿನ ಕುಲ ಹೇಳುತ್ತದೆ. ಎರಕದ ದಿನವನ್ನು ಒಂದು ಅಕ್ಷರ ಮತ್ತು ಅಂಕೆಗಳಲ್ಲಿ ಬೇರೆಯಾಗಿ ಮೂಡಿಸಿರುತ್ತಾರೆ. ಅಕ್ಷರ ತಿಂಗಳಿಗೆ, ಅಂಕೆಗಳು ತಾರೀಖು ಮತ್ತು ವರ್ಷಕ್ಕೆ.

ಇನ್ನೊಂದು ಗುರುತು ಮುಂಭಾಗದಲ್ಲಿ, ಪ್ರಯಾಣಿಕನ ಬದಿಯ ಸಿಲಿಂಡರ್ ಹೆಡ್ಡಿನ ಮುಂದಿನ ಚಪ್ಪಟೆ ಜಾಗದಲ್ಲಿದೆ. ಅಲ್ಲಿ ಸುತ್ತಿಗೆಯಿಂದ ಹೊಡೆದ ಅಚ್ಚಕ್ಷರಗಳ ಕೊನೆಯ ಎರಡು ಮೂರು ಅಕ್ಷರಗಳು ಆ ಇಂಜಿನನ್ನು ಯಾವ ಬಗೆಯ ಗಾಡಿಗೆ, ಯಾವ ಬಗೆಯ ಗೇರ್‌ಬಾಕ್ಸಿನ ಜೊತೆಗೆ ಜೋಡಿಸಿದ್ದರೆಂಬುದನ್ನು ತಿಳಿಸುತ್ತವೆ. ಎರಕದ ಸಂಖ್ಯೆಯೊಂದನ್ನೇ ನಂಬುವುದು ಸಾಲದು. 3970010 ಎಂಬ ಹೆಸರಾಂತ ಸಂಖ್ಯೆಯ ಬ್ಲಾಕ್ ಹೆಚ್ಚಾಗಿ 350 ಆಗಿದ್ದರೂ ಅದೇ ಎರಕವನ್ನು ಬೇರೆ ಗಾತ್ರಕ್ಕೂ ಬಳಸಿದ್ದುಂಟು.

ಫೋರ್ಡ್‌ನ ಎಫ್‌ಇ ವಂಶದ್ದು ಇನ್ನೂ ಜಾಣತನ ಬೇಡುವ ಲೆಕ್ಕ. 1968ರಿಂದ 1976ರವರೆಗಿನ ಪಿಕಪ್ಪುಗಳಲ್ಲಿ 360 ಮತ್ತು 390 ಎಂಬ ಎರಡು ಇಂಜಿನುಗಳಿದ್ದವು. ಹೊರಗಿನಿಂದ ಎರಡನ್ನೂ ಬೇರೆ ಮಾಡಿ ಹೇಳಲಾಗದು. ಎಷ್ಟೋ ಬ್ಲಾಕುಗಳ ಮುಖದ ಮೇಲೆ 352 ಎಂದು ಎದ್ದು ಕಾಣುವಂತೆ ಮೂಡಿರುತ್ತದೆ. ಒಳಗಿರುವುದು 352 ಆಗಿರಬೇಕಿಲ್ಲ. ಸಿಲಿಂಡರಿನ ಅಗಲ 360ಕ್ಕೂ 390ಕ್ಕೂ ಒಂದೇ, 4.05 ಅಂಗುಲ. ವ್ಯತ್ಯಾಸ ಇರುವುದು ಪಿಸ್ಟನ್ ಮೇಲೆ ಕೆಳಗೆ ಓಡುವ ದೂರದಲ್ಲಿ: 360ರಲ್ಲಿ 3.50 ಅಂಗುಲ, 390ರಲ್ಲಿ 3.78. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ತೆಳ್ಳನೆಯ ಮರದ ಕಡ್ಡಿ ಇಳಿಬಿಟ್ಟು, ಕ್ರ್ಯಾಂಕನ್ನು ಕೈಯಿಂದ ತಿರುಗಿಸುತ್ತ ಕಡ್ಡಿ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಗುರುತು ಹಾಕಿ ಅಳೆಯುತ್ತಾರೆ. ಏಳು ಮಿಲಿಮೀಟರಿನಷ್ಟು ಅಂತರವಿರುವುದರಿಂದ ಕಡ್ಡಿಯ ಅಂದಾಜಿಗೂ ಅದು ಸಿಕ್ಕುತ್ತದೆ.

ತಳದ ತಟ್ಟೆ ಹೇಳುವ ಗುಟ್ಟು

ಈಗ ಗೇರ್‌ಬಾಕ್ಸಿಗೆ ಬರೋಣ. ಅಮೆರಿಕದ ಪಿಕಪ್ಪುಗಳಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ನಮಗಿಂತ ಬಹಳ ಮೊದಲೇ ಬಂತು. ಅದರ ತಳದಲ್ಲಿ ಎಣ್ಣೆ ತುಂಬಿದ ಒಂದು ತಟ್ಟೆ ಇರುತ್ತದೆ. ಆ ತಟ್ಟೆಯ ಆಕಾರ ಮತ್ತು ಅದರ ಬೋಲ್ಟುಗಳ ಸಂಖ್ಯೆ ಮೊದಲ ಸುಳಿವು.

ಷೆವರ್ಲೆಯ ಎರಡೇ ಗೇರಿನ ಪವರ್‌ಗ್ಲೈಡ್ 1950ರಿಂದ 1973ರವರೆಗೆ ನಡೆಯಿತು. ಅದರ ತಟ್ಟೆಗೆ 14 ಬೋಲ್ಟು. 1969ರಲ್ಲಿ ಬಂದ ಮೂರು ಗೇರಿನ ಟಿಎಚ್350ಕ್ಕೆ 13 ಬೋಲ್ಟು. ತಟ್ಟೆ ಹೆಚ್ಚು ಕಡಿಮೆ ಚೌಕ, ಒಂದು ಮೂಲೆ ಮಾತ್ರ ಓರೆಯಾಗಿ ಕತ್ತರಿಸಿದಂತಿರುತ್ತದೆ. ಭಾರದ ಕೆಲಸಕ್ಕೆಂದು ಮಾಡಿದ ಟಿಎಚ್400ಕ್ಕೂ 13 ಬೋಲ್ಟೇ, ಆದರೆ ಅದರ ತಟ್ಟೆಗೆ ಹೆಸರಿಡಬಹುದಾದ ಆಕಾರವೇ ಇಲ್ಲ, ಸುತ್ತಲೂ ಅಂಕುಡೊಂಕು. 1982ರಲ್ಲಿ ಬಂದ ನಾಲ್ಕು ಗೇರಿನ 700ಆರ್4ಕ್ಕೆ 16 ಬೋಲ್ಟಿನ ಆಯತಾಕಾರದ ತಟ್ಟೆ. 1991ರ ದೈತ್ಯ 4ಎಲ್80-ಇಗೆ 17.

13 ಬಂದಾಗ ತಟ್ಟೆಯ ಆಕಾರದಲ್ಲಿ ಅನುಮಾನ ಉಳಿದರೆ ಬದಿಗಳನ್ನು ನೋಡಬೇಕು. ಎರಡರಲ್ಲೂ ಇಂಜಿನಿನ ನಿರ್ವಾತದಿಂದ ಕೆಲಸ ಮಾಡುವ ಡಬ್ಬಿಯಂಥ ಮಾಡ್ಯುಲೇಟರ್ ಒಂದಿರುತ್ತದೆ. ಟಿಎಚ್350ರಲ್ಲಿ ಅದು ಪ್ರಯಾಣಿಕನ ಬದಿಯ ಹಿಂಭಾಗದಲ್ಲಿದೆ, ಟಿಎಚ್400ರಲ್ಲಿ ಅದಕ್ಕಿಂತ ಮುಂದೆ. ಜೋರಾಗಿ ಆಕ್ಸಿಲರೇಟರ್ ತುಳಿದಾಗ ಕೆಳಗಿನ ಗೇರಿಗೆ ಇಳಿಯಲು ಟಿಎಚ್350 ಒಂದು ಕೇಬಲ್ ಬಳಸುತ್ತದೆ. ಟಿಎಚ್400ರಲ್ಲಿ ಆ ಕೆಲಸ ವಿದ್ಯುತ್ತಿನದು, ಚಾಲಕನ ಬದಿಯಲ್ಲಿ ತಂತಿ ಸಿಕ್ಕಿಸುವ ಜಾಗ ಕಾಣುತ್ತದೆ. 700ಆರ್4ರಲ್ಲಿ ಈ ಮಾಡ್ಯುಲೇಟರ್ ಡಬ್ಬಿಯೇ ಇಲ್ಲ. ಇಷ್ಟು ನೋಡಿದ ಮೇಲೆ ತಪ್ಪುವ ಸಂಭವ ತೀರ ಕಡಿಮೆ.

ಟಿಎಚ್400 ಬಗ್ಗೆ ಒಂದು ಮಾತು ಹೇಳಲೇಬೇಕು. ಇದೇ ಗೇರ್‌ಬಾಕ್ಸನ್ನು ರೋಲ್ಸ್ ರಾಯ್ಸ್ ತನ್ನ ಸಿಲ್ವರ್ ಶ್ಯಾಡೋ ಕಾರಿಗೂ ಫೆರಾರಿ ತನ್ನ 400 ಆಟೊಮ್ಯಾಟಿಕ್ ಕಾರಿಗೂ ಕೊಂಡು ಹಾಕಿದವು. ಹುಲ್ಲಿನ ಹೊರೆ ಸಾಗಿಸುವ ರೈತನ ಪಿಕಪ್ಪಿಗೂ ಶ್ರೀಮಂತರ ಕಾರಿಗೂ ಒಂದೇ ಎರಕದ ಪೆಟ್ಟಿಗೆ ಸಾಕಾಗಿತ್ತೆಂಬುದು ಅದರ ಗಟ್ಟಿತನಕ್ಕೆ ಸಿಕ್ಕ ದೊಡ್ಡ ಪ್ರಮಾಣಪತ್ರ.

ಫೋರ್ಡ್‌ನಲ್ಲಿ ಎಣಿಕೆ ಬೇರೆ. ಹಗುರವಾದ ಸಿ4ಕ್ಕೆ 11 ಬೋಲ್ಟು, ಭಾರದ ಸಿ6ಕ್ಕೆ 17, 1980ರ ನಾಲ್ಕು ಗೇರಿನ ಎಒಡಿಗೆ 14. ಸಿ6ರ ಬೆಲ್ ಹೌಸಿಂಗ್ ಗೇರ್‌ಬಾಕ್ಸಿನ ಜೊತೆಗೇ ಒಂದೇ ಎರಕದಲ್ಲಿ ಬಂದಿರುತ್ತದೆ. ಸಿ4ರಲ್ಲಿ ಅದು ಬಿಚ್ಚಬಹುದಾದ ಬೇರೆ ತುಂಡು. ಈ ಒಂದು ವ್ಯತ್ಯಾಸ ಇಂಜಿನ್ ಬದಲಿಸುವವರಿಗೆ ದುಡ್ಡಿನ ವಿಷಯ. ಒಂದೇ ಎರಕದ ಪೆಟ್ಟಿಗೆಯನ್ನು ಬೇರೆ ವಂಶದ ಇಂಜಿನಿಗೆ ಹೊಂದಿಸಬೇಕಾದರೆ ಗೇರ್‌ಬಾಕ್ಸನ್ನೇ ಬದಲಿಸಬೇಕಾಗುತ್ತದೆ.

ಗಾಡಿಯ ಮೂಲ ಗೇರ್‌ಬಾಕ್ಸ್ ಯಾವುದಿತ್ತೆಂದು ತಿಳಿಯಲು ಜನರಲ್ ಮೋಟರ್ಸ್ ಪಿಕಪ್ಪುಗಳ ಗ್ಲವ್ ಬಾಕ್ಸ್ ತೆರೆದು ನೋಡಬಹುದು. ಕಾರ್ಖಾನೆಯಲ್ಲಿ ಅಂಟಿಸಿದ ಚೀಟಿಯಲ್ಲಿ ಮೂರಕ್ಷರದ ಸಂಕೇತಗಳ ಸಾಲು ಇರುತ್ತದೆ: ಎಂ38 ಎಂದರೆ ಟಿಎಚ್350, ಎಂ40 ಎಂದರೆ ಟಿಎಚ್400, ಎಂಡಿ8 ಎಂದರೆ 700ಆರ್4. ಹಿಂದಿನ ಆಕ್ಸಲ್ಲಿನ ಅನುಪಾತವೂ ಅದರಲ್ಲೇ ಸಿಗುತ್ತದೆ. ಜಿಟಿ4 ಎಂದರೆ 3.73. ಚೀಟಿಗೂ ಕೆಳಗಿನ ತಟ್ಟೆಗೂ ಹೊಂದಿಕೆಯಾದರೆ ಗಾಡಿಯ ಉಳಿದ ಚರಿತ್ರೆಯನ್ನೂ ಸ್ವಲ್ಪ ಧೈರ್ಯದಿಂದ ನಂಬಬಹುದು.

ಕೈಗೇರಿನ ಪೆಟ್ಟಿಗೆಗಳು

ಕೈಯಲ್ಲಿ ಗೇರ್ ಹಾಕುವ ಭಾರದ ಪಿಕಪ್ಪುಗಳಲ್ಲಿ ಎರಕದ ಕಬ್ಬಿಣದ ನಾಲ್ಕು ಗೇರಿನ ಪೆಟ್ಟಿಗೆಗಳಿದ್ದವು. ಷೆವರ್ಲೆಗೆ ಮೊದಲು ಎಸ್‌ಎಂ420, 1968ರಿಂದ ಎಸ್‌ಎಂ465. ಫೋರ್ಡ್‌ಗೆ ವಾರ್ನರ್ ಟಿ-18 ಮತ್ತು ಎನ್‌ಪಿ435. ಎಸ್‌ಎಂ420ರ ಮೊದಲ ಗೇರಿನ ಅನುಪಾತ 7.05, ಎಸ್‌ಎಂ465ರದ್ದು 6.55. ಎಂದರೆ ಇಂಜಿನ್ ಆರೂವರೆ ಏಳು ಸುತ್ತು ತಿರುಗಿದಾಗ ಶಾಫ್ಟ್ ಒಂದು ಸುತ್ತು. ಖಾಲಿ ಗಾಡಿಯನ್ನು ಎಲ್ಲರೂ ಎರಡನೇ ಗೇರಿನಲ್ಲೇ ಹೊರಡಿಸುತ್ತಾರೆ. ಮೊದಲನೆಯದು ಹೊರೆ ಹೊತ್ತು ಏರು ಹತ್ತಲು, ಮರದ ಬೊಡ್ಡೆ ಎಳೆಯಲು.

ಎನ್‌ಪಿ435 ಫೋರ್ಡ್, ಡಾಡ್ಜ್, ಷೆವರ್ಲೆ ಮೂವರಿಗೂ ಹೋದ ಪೆಟ್ಟಿಗೆ. ಹಾಗೆಂದು ಡಾಡ್ಜಿನದನ್ನು ತಂದು ಫೋರ್ಡಿಗೆ ಸಿಕ್ಕಿಸಲಾಗದು. ಕ್ಲಚ್ ಪ್ಲೇಟಿನೊಳಗೆ ಹೋಗುವ ಶಾಫ್ಟಿನ ಉದ್ದ, ಅದರ ಹಲ್ಲುಗಳು, ಮುಂದಿನ ಬೇರಿಂಗ್ ಮುಚ್ಚಳದ ಅಗಲ ಎಲ್ಲವೂ ಆಯಾ ಕಂಪನಿಗೆ ತಕ್ಕಂತೆ ಬೇರೆ. ಹೆಸರು ನೋಡಿದ ಮೇಲೆ ಅಳತೆಯನ್ನೂ ನೋಡಬೇಕು.

ಎರಡೂ ಸೇರುವ ಜಾಗ

ತೂತುಗಳು ಹೊಂದಿದವು ಎಂದಾಕ್ಷಣ ಕೆಲಸ ಮುಗಿಯುವುದಿಲ್ಲ. ನಡುವೆ ಇರುವ ಒಂದೊಂದು ತುಂಡೂ ಲೆಕ್ಕಕ್ಕೆ ಬರುತ್ತದೆ.

ಷೆವರ್ಲೆ ಸ್ಮಾಲ್ ಬ್ಲಾಕಿನ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ 1985ರವರೆಗೆ ಎರಡು ತುಂಡಿನದು, 1986ರಿಂದ ಒಂದೇ ತುಂಡಿನದು. ಅದರೊಂದಿಗೆ ಫ್ಲೈವೀಲ್ ಬೋಲ್ಟುಗಳ ವೃತ್ತವೂ 3.58 ಅಂಗುಲದಿಂದ 3 ಅಂಗುಲಕ್ಕೆ ಇಳಿಯಿತು. ಹೀಗಾಗಿ ಹಳೆಯ ಫ್ಲೈವೀಲ್ ಹೊಸ ಕ್ರ್ಯಾಂಕಿಗೆ ಕೂರುವುದಿಲ್ಲ. ಸಮತೋಲದ ಪ್ರಶ್ನೆ ಬೇರೆ ಇದೆ. ಹಳೆಯ 350ರ ಕ್ರ್ಯಾಂಕ್ ತನ್ನೊಳಗೇ ಸಮತೂಕದ್ದು. 1986ರ ನಂತರದ್ದಕ್ಕೂ 400 ಘನ ಅಂಗುಲದ ಸ್ಮಾಲ್ ಬ್ಲಾಕಿಗೂ ಫ್ಲೈವೀಲಿನ ಮೇಲೆ ಹೆಚ್ಚುವರಿ ತೂಕ ಬೇಕು. ತಪ್ಪಿದ್ದು ಹಾಕಿದರೆ ಇಂಜಿನ್ ಓಡುತ್ತದೆ, ಆದರೆ ನಡುಗುತ್ತ ಓಡಿ ತನ್ನ ಬೇರಿಂಗುಗಳನ್ನು ತಾನೇ ತಿಂದುಕೊಳ್ಳುತ್ತದೆ.

ಆಟೊಮ್ಯಾಟಿಕ್ ಗಾಡಿಯಲ್ಲಿ ಫ್ಲೈವೀಲಿನ ಜಾಗದಲ್ಲಿರುವ ತೆಳ್ಳನೆಯ ಫ್ಲೆಕ್ಸ್‌ಪ್ಲೇಟಿಗೆ 153 ಹಲ್ಲು ಇರಬಹುದು, ಇಲ್ಲವೇ 168. ಎರಡಕ್ಕೂ ಸ್ಟಾರ್ಟರ್ ಮೋಟಾರಿನ ಮೂತಿ ಬೇರೆ. ಎಲ್‌ಎಸ್ ಇಂಜಿನಿನ ಕ್ರ್ಯಾಂಕಿನ ಹಿಂತುದಿ ಹಳೆಯದಕ್ಕಿಂತ 0.4 ಅಂಗುಲ ಮುಂದೆಯೇ ನಿಲ್ಲುತ್ತದೆ. ಹಳೇ ಗೇರ್‌ಬಾಕ್ಸಿಗೆ ಸೇರಿಸುವಾಗ ಆ ಅಂತರ ತುಂಬಲು ನಡುವೆ ಬಿಲ್ಲೆ ಕೊಡಬೇಕು. ಮೊದಲು ಆಟೊಮ್ಯಾಟಿಕ್ ಜೊತೆಗಿದ್ದ ಇಂಜಿನಿಗೆ ಕೈಗೇರಿನ ಪೆಟ್ಟಿಗೆ ಹಾಕುವುದಾದರೆ ಕ್ರ್ಯಾಂಕಿನ ತುದಿಯಲ್ಲಿ ಪೈಲಟ್ ಬುಷ್ ಇದೆಯೇ ಎಂದು ಬೆರಳಿಟ್ಟು ನೋಡಬೇಕು. ಬಹುಪಾಲು ಇರುವುದಿಲ್ಲ.

ಇನ್ನು ಟಾರ್ಕ್ ಕನ್ವರ್ಟರ್. ಎಣ್ಣೆಯ ಹರಿವಿನ ಮೂಲಕ ಇಂಜಿನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಈ ದುಂಡನೆಯ ಡಬ್ಬಿ ಗೇರ್‌ಬಾಕ್ಸಿನ ಪಂಪಿನೊಳಗೆ ಪೂರ್ತಿ ಇಳಿದು ಕೂರಬೇಕು. ಗೇರ್‌ಬಾಕ್ಸ್ ಇಂಜಿನಿಗೆ ಸೇರಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಮೂರರಿಂದ ಐದು ಮಿಲಿಮೀಟರ್ ಸಂದು ಇರಬೇಕು. ಸಂದು ಇಲ್ಲದಿದ್ದರೆ ಕನ್ವರ್ಟರ್ ಅರ್ಧಕ್ಕೇ ನಿಂತಿದೆ ಎಂದರ್ಥ. ಆಗ ಪಾನಾ ಹಿಡಿದು ಬೋಲ್ಟ್ ಬಿಗಿಯುತ್ತ ಹತ್ತಿರ ಎಳೆದುಕೊಂಡರೆ ಪಂಪು ಒಡೆಯುತ್ತದೆ. ಬೋಲ್ಟಿನ ಬಲದಿಂದ ಗೇರ್‌ಬಾಕ್ಸನ್ನು ಎಳೆಯಬಾರದೆಂಬ ಒಂದು ನಿಯಮ ಪಾಲಿಸಿದ್ದರೆ ಉಳಿಯುತ್ತಿದ್ದ ಪೆಟ್ಟಿಗೆಗಳು ಲೆಕ್ಕವಿಲ್ಲದಷ್ಟು.

ಎಲ್‌ಎಸ್ ಹಾಕುವವರಿಗೆ ಕಬ್ಬಿಣದ ಆಚೆಗೂ ಕೆಲಸವಿದೆ. ಹಳೆಯ ಕಾರ್ಬ್ಯುರೇಟರಿಗೆ 5ರಿಂದ 7 ಪಿಎಸ್‌ಐ ಒತ್ತಡದ ಪೆಟ್ರೋಲು ಸಾಕಿತ್ತು. ಎಲ್‌ಎಸ್‌ಗೆ 58 ಬೇಕು. ಎಂದರೆ ಬೇರೆ ಪಂಪು, ಬೇರೆ ಕೊಳವೆ, ಜೊತೆಗೆ ಇಂಜಿನಿನ ಕಂಪ್ಯೂಟರ್ ಮತ್ತು ಅದರ ತಂತಿಗಳ ಗೊಂಚಲು. ಅಗ್ಗದ ಇಂಜಿನ್ ಕಡೆಗೆ ಅಗ್ಗವಾಗಿ ಉಳಿಯದಿರುವುದು ಇಲ್ಲಿಯೇ.

ನಾಲ್ಕನೇ ಗೇರಿನ ಆಸೆ

ಇಷ್ಟೆಲ್ಲ ತಾಪತ್ರಯ ಏಕೆ ಬೇಕು? ಹೆಚ್ಚಿನವರಿಗೆ ಉತ್ತರ ಹೆದ್ದಾರಿ. ಹಿಂದಿನ ಆಕ್ಸಲ್ 3.73, ಟೈರಿನ ಎತ್ತರ 28 ಅಂಗುಲ ಎಂದಿಟ್ಟುಕೊಳ್ಳೋಣ. ಮೂರು ಗೇರಿನ ಟಿಎಚ್350ರ ಕೊನೆಯ ಗೇರಿನಲ್ಲಿ ಗಂಟೆಗೆ 105 ಕಿಲೋಮೀಟರ್ ಓಡಲು ಇಂಜಿನ್ ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗಬೇಕು. 700ಆರ್4ರ ನಾಲ್ಕನೇ ಗೇರಿನ ಅನುಪಾತ 0.70. ಅದೇ ವೇಗಕ್ಕೆ ಸುಮಾರು 2,040 ಸುತ್ತು ಸಾಕು. ಸದ್ದು ಇಳಿಯುತ್ತದೆ, ಪೆಟ್ರೋಲು ಉಳಿಯುತ್ತದೆ, ಇಂಜಿನ್ ಹೆಚ್ಚು ಕಾಲ ಬಾಳುತ್ತದೆ. ಅದರ ಮೊದಲ ಗೇರೂ 3.06, ಟಿಎಚ್350ರ 2.52ಕ್ಕಿಂತ ಹೊರಡುವಾಗಿನ ಎಳೆತ ಹೆಚ್ಚು.

ನನ್ನ ಅಭಿಪ್ರಾಯ ಕೇಳಿದರೆ ಎಷ್ಟೋ ಹಳೇ ಪಿಕಪ್ಪುಗಳಿಗೆ ಬೇಕಿರುವುದು ಇಂಜಿನಿನ ಬದಲಾವಣೆಯಲ್ಲ, ಈ ನಾಲ್ಕನೇ ಗೇರು. ಫೋರ್ಡ್‌ನ 300 ಘನ ಅಂಗುಲದ ಆರು ಸಿಲಿಂಡರ್ ಇಂಜಿನ್ 1965ರಿಂದ 1996ರವರೆಗೆ ಸುಮ್ಮನೆ ಬಾಳಲಿಲ್ಲ. ಚೆನ್ನಾಗಿ ಓಡುತ್ತಿರುವ ಅಂಥ ಇಂಜಿನನ್ನು ವಿ-8 ಸದ್ದಿನ ಆಸೆಗೆ ಕಿತ್ತು ಹಾಕುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

700ಆರ್4 ಹಾಕುವಾಗ ಅದು ಚಿಕ್ಕ ಬಾಲದ ಟಿಎಚ್350ಕ್ಕಿಂತ ಸುಮಾರು 3 ಅಂಗುಲ ಉದ್ದ ಎಂಬುದು ನೆನಪಿರಲಿ. ಶಾಫ್ಟ್ ಅಷ್ಟು ಮೊಟಕಾಗಬೇಕು, ಅಡ್ಡಪಟ್ಟಿ ಹಿಂದೆ ಸರಿಯಬೇಕು. ಟಿಎಚ್350 ಬೇರೆ ಬೇರೆ ಉದ್ದದ ಬಾಲಗಳಲ್ಲಿ ಬರುತ್ತಿತ್ತು. 9 ಅಂಗುಲದ ಬಾಲ ಇದ್ದ ಗಾಡಿಯಲ್ಲಿ ಹಳೇ ಶಾಫ್ಟೇ ಹೊಂದಿಕೊಳ್ಳುವುದೂ ಉಂಟು. ಎಲ್ಲಕ್ಕಿಂತ ಮುಖ್ಯವಾದದ್ದು ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿಗೆ ಹೋಗುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್. ಗೇರ್ ಬದಲಾಗುವ ಹೊತ್ತನ್ನಷ್ಟೇ ಅಲ್ಲ, ಒಳಗಿನ ಎಣ್ಣೆಯ ಒತ್ತಡವನ್ನೂ ಅದೇ ನಿರ್ಧರಿಸುತ್ತದೆ. ಕೇಬಲ್ ಸಡಿಲವಿದ್ದರೆ ಒತ್ತಡ ಸಾಲದೆ ಒಳಗಿನ ಕ್ಲಚ್‌ಗಳು ಜಾರಿ ಸುಟ್ಟುಹೋಗುತ್ತವೆ. ರಿಪೇರಿ ಮಾಡಿಸಿ ತಂದ ಪೆಟ್ಟಿಗೆ ಮೊದಲ ವಾರದಲ್ಲೇ ಹಾಳಾಗಲು ಇಷ್ಟು ಸಾಕು.

ಹೊಗೆಯ ಕಾನೂನು

ಅಮೆರಿಕದಲ್ಲಿ 1970ರ ಶುದ್ಧ ಗಾಳಿ ಕಾಯ್ದೆಯ ನಂತರ ಗಾಡಿಗಳ ಹೊಗೆಗೆ ಕಡಿವಾಣ ಬಿತ್ತು. ಫೋರ್ಡ್ 1975ರಲ್ಲಿ ಎಫ್-150 ಹೊರತಂದದ್ದಕ್ಕೂ ಇದೇ ಹಿನ್ನೆಲೆ. ಒಟ್ಟು ತೂಕದ ದರ್ಜೆ 6,000 ಪೌಂಡ್ ದಾಟಿದ ಗಾಡಿಗೆ ಆಗ ಹೊಗೆಯ ನಿಯಮ ಸಡಿಲವಿತ್ತು. ಎಫ್-100ಕ್ಕಿಂತ ತುಸು ಭಾರದ ಎಫ್-150 ಆ ಗೆರೆಯ ಆಚೆ ನಿಂತಿತು.

ಕ್ಯಾಲಿಫೋರ್ನಿಯಾದ ನಿಯಮ ಎಲ್ಲಕ್ಕಿಂತ ಬಿಗಿ. 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಗಾಡಿಗಳಿಗೆ ಅಲ್ಲಿ ಹೊಗೆ ತಪಾಸಣೆ ಇಲ್ಲ. ನಂತರದವುಗಳಿಗೆ ಬೇರೆ ಇಂಜಿನ್ ಹಾಕುವುದಾದರೆ ಆ ಇಂಜಿನ್ ಗಾಡಿಯ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಭಾರಿ ಲಾರಿಯ ದರ್ಜೆಯದ್ದಾಗಿರಬಾರದು, ಅದರೊಂದಿಗೆ ಬಂದ ಹೊಗೆ ನಿಯಂತ್ರಣದ ಸಾಮಗ್ರಿ ಒಂದೂ ಬಿಡದೆ ಹೊಸ ಗಾಡಿಗೆ ಬರಬೇಕು. ರೆಫರಿ ಎಂದು ಕರೆಯುವ ಸರ್ಕಾರಿ ತಪಾಸಣಾ ವ್ಯವಸ್ಥೆ ಅದನ್ನೆಲ್ಲ ನೋಡಿ ಒಪ್ಪಿಗೆಯ ಚೀಟಿ ಅಂಟಿಸುತ್ತದೆ. ಬಿಗಿ ಎನಿಸಿದರೂ ಇದು ನ್ಯಾಯವಾದ ನಿಯಮ. ಇಂಜಿನ್ ಬದಲಿಸಬೇಡಿ ಎಂದು ಅದು ಹೇಳುವುದಿಲ್ಲ, ಬದಲಿಸಿದರೆ ಗಾಳಿ ಮೊದಲಿಗಿಂತ ಕೆಡಬಾರದು ಎನ್ನುತ್ತದೆ.

ಈಗ ಪೆಟ್ರೋಲ್ ಇಂಜಿನಿನ ಜಾಗಕ್ಕೆ ವಿದ್ಯುತ್ ಮೋಟಾರೂ ಬಂದಿದೆ. 2020ರಲ್ಲಿ ಷೆವರ್ಲೆ, ಪಿಕಪ್ಪಿನದೇ ಅಡಿಪಾಯದ ಮೇಲೆ ನಿಂತ 1977ರ ಕೆ5 ಬ್ಲೇಜರ್ ಒಂದರಿಂದ 400 ಘನ ಅಂಗುಲದ ವಿ-8 ಮತ್ತು ಮೂರು ಗೇರಿನ ಪೆಟ್ಟಿಗೆ ಎರಡನ್ನೂ ತೆಗೆದು, ತನ್ನ ಬೋಲ್ಟ್ ಕಾರಿನ 200 ಅಶ್ವಶಕ್ತಿಯ ಮೋಟಾರ್ ಕೂರಿಸಿ ತೋರಿಸಿತು. ಮೋಟಾರಿನ ಹಿಂದೆ ನಾಲ್ಕು ಗೇರಿನ ಆಟೊಮ್ಯಾಟಿಕ್ ಪೆಟ್ಟಿಗೆ ಇಟ್ಟು, ಟ್ರಾನ್ಸ್‌ಫರ್ ಕೇಸ್, ಶಾಫ್ಟ್, ಆಕ್ಸಲ್‌ಗಳನ್ನು ಹಾಗೆಯೇ ಉಳಿಸಿಕೊಂಡರು. ಮರುವರ್ಷ ಫೋರ್ಡ್ 1978ರ ಎಫ್-100 ಪಿಕಪ್ಪಿಗೆ ಮುಂದೊಂದು ಹಿಂದೊಂದು ಮೋಟಾರ್ ಹಾಕಿ, ಗೇರ್‌ಬಾಕ್ಸಿನ ಹಂಗಿಲ್ಲದ 480 ಅಶ್ವಶಕ್ತಿಯ ಮಾದರಿಯನ್ನು ಪ್ರದರ್ಶಿಸಿತು.

ನಮ್ಮ ಜೀಪು, ನಮ್ಮ ಆರ್‌ಸಿ

ನಮ್ಮಲ್ಲಿ ಈ ಕೆಲಸಕ್ಕೆ ಹತ್ತಿರದ ಗಾಡಿ ಜೀಪು. ವಿಲ್ಲೀಸ್ ಪರವಾನಗಿಯಲ್ಲಿ ಮಹೀಂದ್ರ ತಯಾರಿಸಿದ ಸಿಜೆ-3ಬಿ ಜೀಪಿನಲ್ಲಿದ್ದದ್ದು 2.2 ಲೀಟರಿನ ಹರಿಕೇನ್ ಪೆಟ್ರೋಲ್ ಇಂಜಿನ್. 1980ರ ದಶಕದಲ್ಲಿ ಕಂಪನಿಯೇ ಪ್ಯೂಜೊ ವಿನ್ಯಾಸದ 2.1 ಲೀಟರ್ ಡೀಸೆಲ್ ಇಂಜಿನಿಗೆ ಹೊರಳಿತು. ಪೆಟ್ರೋಲ್ ಜೀಪು ಇಟ್ಟುಕೊಂಡವರೂ ಇಂಜಿನ್ ಇಳಿಸಿ ಡೀಸೆಲ್ ಏರಿಸುವ ದಾರಿ ಹಿಡಿದರು. ಸಿಜೆ-3ಬಿಯ ಆಕ್ಸಲ್ ಅನುಪಾತ 5.38. ಹೆಚ್ಚು ಸುತ್ತು ತಿರುಗಬಲ್ಲ ಪೆಟ್ರೋಲ್ ಇಂಜಿನಿಗೆ ಅದು ಸರಿ. ನಿಧಾನಕ್ಕೆ ತಿರುಗುವ ಡೀಸೆಲ್ ಕೂರಿಸಿದರೆ ತೋಟದ ಏರು ಸಲೀಸಾಗುತ್ತದೆ, ಟಾರು ರಸ್ತೆಯಲ್ಲಿ ಗಾಡಿ ಮುಂದಕ್ಕೇ ಹೋಗದು. ಅಮೆರಿಕದವರು ನಾಲ್ಕನೇ ಗೇರಿಗೆ ಹಂಬಲಿಸುವುದಕ್ಕೂ ಇದಕ್ಕೂ ಕಾರಣ ಒಂದೇ.

ಕಾನೂನು ಮಾತ್ರ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಆರ್‌ಸಿಯಲ್ಲಿರುವ ವಿವರ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಸಿಎನ್‌ಜಿ, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಬದಲಾಗುವವರಿಗೆ ಅದೇ ಕಲಂ ಅಡಿಯಲ್ಲಿ, ನಿಗದಿತ ಷರತ್ತುಗಳಿಗೆ ಒಳಪಟ್ಟು, ಅವಕಾಶವಿದೆ. ಕಾಗದಕ್ಕೆ ಸೇರದ ಇಂಜಿನ್ ಹೊತ್ತ ಗಾಡಿ ಅಪಘಾತಕ್ಕೆ ಸಿಕ್ಕಿದರೆ ವಿಮೆಯ ಹಣಕ್ಕೂ ಪೇಚಾಟ ಕಟ್ಟಿಟ್ಟದ್ದು.

ಹಳೇ ಜೀಪು ಕೊಳ್ಳಲು ಹೊರಟವರು ಬಣ್ಣಕ್ಕೂ ಟೈರಿಗೂ ಮರುಳಾಗುವ ಮೊದಲು ಬಾನೆಟ್ ಎತ್ತಿಸಿ, ಬ್ಲಾಕಿನ ಮೇಲಿನ ಇಂಜಿನ್ ನಂಬರನ್ನೂ ಚಾಸಿ ನಂಬರನ್ನೂ ಒರೆಸಿ ಓದಿ ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಲಿ. ಇಂಧನದ ಕಾಲಂನಲ್ಲಿ ಪೆಟ್ರೋಲ್ ಎಂದಿದ್ದು ಒಳಗೆ ಡೀಸೆಲ್ ಪಂಪು ಕಂಡರೆ ಮುಂಗಡ ಕೊಡುವುದು ಬೇಡ. ಎರಡೂ ಸರಿಯಿದ್ದರೆ ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಗಾಡಿಯ ಕೆಳಗೆ ಮಲಗಿಸಿ, ಗೇರ್‌ಬಾಕ್ಸ್ ಮೂಲದ್ದೇ ಅಥವಾ ನಡುವೆ ಅಡಾಪ್ಟರ್ ಪ್ಲೇಟ್ ಕೂರಿಸಿದ್ದಾರೆಯೇ ಎಂದು ನೋಡಿಸಿ, ನಾಲ್ಕು ಚಕ್ರದ ಲಿವರ್ ಹಾಕಿ ಒಂದು ಏರು ಹತ್ತಿಸಿ ಇಳಿಸಿದ ಮೇಲೆ ಬೆಲೆಯ ಮಾತು ಎತ್ತಬಹುದು.